ಹೆಂಗಸರ ಕಡೆಯ ತೊಲೆ

ಕೂಸಿಗೆ ಎಣ್ಣೆ ಹಚ್ಚಿ ನೀರೆರೆದು ಮುಗಿಸಿದ ಮೇಲೆ ಮನೆ ತುಂಬ ಔಡಲೆಣ್ಣೆಯ ವಾಸನೆ, ಅದರ ಬೆನ್ನಿಗೆ ಲೋಬಾನದ ಹೊಗೆ. ನಾನು ಪಡಸಾಲೆಯಲ್ಲಿ ಪೇಪರು ಓದುತ್ತ ಕೂತಿದ್ದೆ. ಓದಿದ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆಂದು ಗೊತ್ತಾಗಿ ಪೇಪರು ಮಡಿಸಿಟ್ಟೆ. ಈ ವಾಸನೆಯನ್ನು ನಾನು ಒಮ್ಮೆ ಹೆಗಲ ಮೇಲೆ ಹೊತ್ತಿದ್ದೆ. ಹೊತ್ತೂ ಗುರುತು ಹಿಡಿಯದೆ ಹೋಗಿದ್ದೆ...

"ಮಾವಾರ, ಸೀರಿ ತೊಟ್ಲಾ ಕಟ್ಟೋಣಂದ್ರ ಈ ಮನ್ಯಾಗ ಇದ್ದ ಕೊಂಡಿಗೆಲ್ಲಾ ಫ್ಯಾನ್ ಅದಾವಲ್ರಿ," ಎಂದು ಸೊಸೆ ಒಳಗಿನಿಂದ ಕೇಳಿದಳು. ಮೊಮ್ಮಗಳಿಗೆ ಇನ್ನೂ ಎರಡು ತಿಂಗಳು. ಅಂಗಡಿಯಿಂದ ತಂದ ಸ್ಟೀಲಿನ ತೊಟ್ಟಿಲಲ್ಲಿ ಮಲಗಿಸಿದರೆ ಅತ್ತು ಓಣಿ ಒಂದು ಮಾಡುತ್ತಾಳೆ. ಮನೆ ಕಟ್ಟುವಾಗ ಗಾಳಿ ಎಲ್ಲಿಂದ ಬರಬೇಕೆಂದು ವಿಚಾರ ಮಾಡಿದ್ದೆವೇ ಹೊರತು ಮೊಮ್ಮಕ್ಕಳು ಬರುತ್ತಾರೆಂದು ಯಾರಿಗೂ ಹೊಳೆದಿರಲಿಲ್ಲ.

"ಮಾಳಿಗಿ ಮ್ಯಾಲ ಒಂದು ತೊಲಿ ಐತಿ, ನೋಡ್ತೀನಿ ತಡಿ," ಎಂದೆ. ಹಾಗೆ ಎಂದವನಿಗೆ ಎದ್ದು ಹೋಗಲು ತುಸು ಹೊತ್ತು ಹಿಡಿಯಿತು. ಆ ತೊಲೆಯ ಹಿಂದೆ ಒಬ್ಬ ಹೆಣ್ಣುಮಗಳಿದ್ದಾಳೆ.

ಗಂಗಾವತಿಯ ನಮ್ಮ ಓಣಿಯಲ್ಲಿ ಎಲ್ಲರೂ ಅವಳನ್ನು ಥೇಟರ್ ಆಯಿ ಎನ್ನುತ್ತಿದ್ದರು. ನಮ್ಮ ಮನೆಯಿಂದ ಎರಡು ಮನೆ ಆಚೆ, ಒಂದೇ ಅಂಕಣದ ಮಣ್ಣಿನ ಮನೆ ಅವಳದು. ಸ್ವಂತ ಮೊಮ್ಮಕ್ಕಳಿರಲಿಲ್ಲ, ಆದರೆ ಊರಿನ ಅರ್ಧ ಜನ ಅವಳನ್ನು ಆಯಿ ಎಂದೇ ಕರೆಯುತ್ತಿದ್ದರು. ಎತ್ತರದ, ತೆಳ್ಳನೆಯ ಹೆಂಗಸು. ಅವಳ ಒಂದು ವಿಚಿತ್ರವೆಂದರೆ ಯಾವತ್ತೂ ದನಿ ಎತ್ತಿ ಮಾತಾಡುತ್ತಿರಲಿಲ್ಲ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ಪಿಸುಗುಟ್ಟುವಳು. ಕಾಯಿಪಲ್ಲೆಯವರು ಏನೋ ಗುಟ್ಟಿನ ಮಾತಿರಬೇಕೆಂದು ಬಗ್ಗಿ ಕಿವಿ ಕೊಡುತ್ತಿದ್ದರು. ಅವಳು ಮಾಡಿದ ಕೆಲಸವೇ ಅಂಥದು. ಇಪ್ಪತ್ತೈದು ಮೂವತ್ತು ವರ್ಷ ಮಲಗಿದ ಕೂಸುಗಳ ನಡುವೆ ಓಡಾಡಿದವಳು.

ನಮ್ಮ ಓಣಿಯ ಹಿಂದೆಯೇ ನಾಟಕದ ಥೇಟರ್ ಇತ್ತು. ನಿಜಾಮರ ಕಾಲದಲ್ಲಿ ಒಬ್ಬ ಸಾಹುಕಾರರು ಕಟ್ಟಿಸಿದ್ದು. ಕಲ್ಲಿನ ಗೋಡೆ, ತಗಡಿನ ಮಾಡು, ಮಾಡಿನ ಕೆಳಗೆ ಸಾಲು ಸಾಲು ಸಾಗವಾನಿ ತೊಲೆಗಳು. ಮುಂಬಾಗಿಲ ಕಮಾನಿನ ಮೇಲೆ ಗಾರೆಯಲ್ಲಿ ಕೊರೆದ ಉರ್ದು ಅಕ್ಷರಗಳಿದ್ದವು, ಅವುಗಳ ಕೆಳಗೆ ಆಮೇಲೆ ಬರೆಸಿದ ಕನ್ನಡ ಅಕ್ಷರಗಳು. ಗಂಡಸರಿಗೊಂದು ಬಾಗಿಲು, ಹೆಂಗಸರಿಗೊಂದು ಬಾಗಿಲು. ಒಳಗೂ ನಡುವೆ ಎದೆಮಟ್ಟದ ಗೋಡೆ, ಗೋಡೆಯ ಮೇಲೆ ಉದ್ದಕ್ಕೂ ಗೋಣಿತಟ್ಟಿನ ಮರೆ. ಇತ್ತ ಕೂತವರಿಗೆ ಅತ್ತ ಕೂತವರ ನಗು ಕೇಳಿಸುತ್ತಿತ್ತೇ ಹೊರತು ಮುಖ ಕಾಣಿಸುತ್ತಿರಲಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಅಪ್ಪನ ಜೊತೆ ಅಲ್ಲಿ ನೋಡಿದ ನಾಟಕಗಳೆಲ್ಲ ಗಂಡಸರ ಕಡೆಯ ಬೆಂಚಿನ ಮೇಲೆ, ಬೀಡಿಯ ಹೊಗೆಯ ನಡುವೆ ನೋಡಿದವು. ಗೋಡೆಯ ಆಚೆ ಏನಿದೆ, ಹೇಗಿದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದೂ ಗೊತ್ತಿರಲಿಲ್ಲ. ಮುಂದಾದ ಅನಾಹುತಕ್ಕೆಲ್ಲ ಅದೇ ಮೂಲ.

ಆಚೆ ಏನಿತ್ತೆಂದು ನಾನು ತಿಳಿದದ್ದು ಬಹಳ ತಡವಾಗಿ, ಎಲ್ಲ ಮುಗಿದು ಅವ್ವ ಹೇಳಿದ ಮೇಲೆ. ಹೆಂಗಸರ ಕಡೆಯ ಹಿಂದಿನ ಗೋಡೆಗೆ ಹೊಂದಿಕೊಂಡು ಒಂದು ತೊಲೆ. ಅದಕ್ಕೆ ಸಾಲಾಗಿ ಹಗ್ಗ ಇಳಿಬಿಟ್ಟಿರುತ್ತಿದ್ದರು. ನಾಟಕಕ್ಕೆ ಬಂದ ತಾಯಂದಿರು ಹಳೆಯ ಸೀರೆಯೊಂದನ್ನು ಜೊತೆಗೆ ತರಬೇಕು. ಆಯಿ ಅದನ್ನು ಹಗ್ಗಕ್ಕೆ ಕಟ್ಟಿ ತೊಟ್ಟಿಲು ಮಾಡಿ ಕೂಸನ್ನು ಮಲಗಿಸುವಳು. ಒಂದು ಅರಿವೆಯನ್ನು ಎರಡಾಗಿ ಹರಿದು, ಒಂದು ತುಂಡನ್ನು ತೊಟ್ಟಿಲ ಹಗ್ಗಕ್ಕೂ ಇನ್ನೊಂದನ್ನು ತಾಯಿಯ ಮುಂಗೈಗೂ ಕಟ್ಟುವಳು. ಯಾವ ಕೂಸು ಎದ್ದಿತೋ ಆ ಬಣ್ಣದ ಅರಿವೆ ಕಟ್ಟಿಕೊಂಡವಳ ಹತ್ತಿರ ಹೋಗಿ ಭುಜ ಮುಟ್ಟಿದರಾಯಿತು. ಹೆಸರು ಕೂಗುವ ಮಾತೇ ಇಲ್ಲ. ಮೊದಲ ಸಲ ಬಂದ ಕೂಸಿನ ಲೆಕ್ಕಕ್ಕೆ ತೊಲೆಗೆ ಒಂದು ಅರಿಷಿಣದ ಬೊಟ್ಟು. ಹೀಗೆ ಆ ತೊಲೆ ಒಂದು ಕೂಸನ್ನೂ ಕೆಳಗೆ ಬೀಳಿಸಿರಲಿಲ್ಲ. ಹೊಸ ತೊಟ್ಟಿಲು ಮಾಡಿಸಿದವರು ಅದನ್ನು ತಂದು ಒಮ್ಮೆ ಆ ತೊಲೆಗೆ ಮುಟ್ಟಿಸಿಕೊಂಡು ಹೋಗುತ್ತಿದ್ದರಂತೆ, ಮಕ್ಕಳು ಬಾಳುತ್ತವೆ ಎಂದು.

ಆಯಿ ನಿಲ್ಲುತ್ತಿದ್ದದ್ದು ರಂಗಕ್ಕೆ ಬೆನ್ನು ಮಾಡಿ. ಅಷ್ಟು ವರ್ಷ ಥೇಟರಿನಲ್ಲಿದ್ದು ಒಂದು ನಾಟಕವನ್ನೂ ಕಣ್ಣಿನಿಂದ ನೋಡಿದವಳಲ್ಲ. ಕಿವಿಯಿಂದ ಮಾತ್ರ ಎಲ್ಲ ಬಾಯಿಪಾಠ. ಖಳನಾಯಕ ನಗುವ ಜಾಗ ಬರುತ್ತಿದ್ದಂತೆ ಎರಡೂ ಕೈಯಿಂದ ತೊಟ್ಟಿಲು ಹಿಡಿದುಕೊಳ್ಳುವಳು. ಒಂದು ಕಂಪನಿಯ ಖಳನ ನಗುವಿಗೆ ಒಂಬತ್ತು ಕೂಸು ಒಟ್ಟಿಗೆ ಎದ್ದವಂತೆ. ಮಾರನೆಯ ದಿನ ಆಯಿ ಕಂಪನಿಯ ಮಾಲಕರ ಹತ್ತಿರವೇ ಹೋದಳು.

"ರಾಕ್ಷಸ ನಗಬಾರ್ದು ಅನ್ನಂಗಿಲ್ರಿ ನಾ. ಸಣ್ಣಾಗಿ ಶುರು ಮಾಡಿ ಆಮ್ಯಾಲ ಜೋರ್ ಮಾಡಂತ ಹೇಳ್ರಿ. ಕೂಸಿಗೆ ರೂಢಿ ಆಗ್ತೈತಿ."

ಅಂದಿನಿಂದ ಆ ಖಳ ಹಂತಹಂತವಾಗಿ ನಗತೊಡಗಿದನಂತೆ. ಗಂಡಸರ ಕಡೆ ಕೂತ ನಾವು ಅದನ್ನು ದೊಡ್ಡ ಅಭಿನಯವೆಂದು ಸಿಳ್ಳೆ ಹಾಕುತ್ತಿದ್ದೆವು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕಂಪನಿಗಳು ಬರುವುದು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಥೇಟರಿನಲ್ಲಿ ಅಕ್ಕಿ ಗಿರಣಿಯವರು ಚೀಲ ಒಟ್ಟತೊಡಗಿದರು. ಆಯಿ ಮಾತ್ರ ಕೆಲಸ ಬಿಡಲಿಲ್ಲ, ಕೆಲಸವನ್ನು ಮನೆಗೆ ತಂದುಕೊಂಡಳು. ಕಾಲುವೆ ನೀರು ಬಂದು ಭತ್ತ ನಾಟಿ ಶುರುವಾದರೆ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಮನೆಯಲ್ಲಿ ಕೂರಲು ಪುರುಸೊತ್ತಿಲ್ಲ. ಬೆಳಗ್ಗೆ ಟ್ರಾಕ್ಟರ್ ಹತ್ತುವ ಮೊದಲು ಕೂಸುಗಳನ್ನು ಆಯಿಯ ಹತ್ತಿರ ಬಿಟ್ಟು ಹೋಗುವರು. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳ ತೆಲುಗಿನ ಹೆಣ್ಣುಮಕ್ಕಳೂ ಬರುತ್ತಿದ್ದರು. ಅವರ ಬಾಯಲ್ಲಿ ಅವಳು ಆಯಮ್ಮ. ಅದೇ ಸೀರೆ ತೊಟ್ಟಿಲು, ಅದೇ ಅರಿವೆ ತುಂಡು, ಅದೇ ಪಿಸುಮಾತು.

ತೊಂದರೆ ಇದ್ದದ್ದು ಮನೆಯ ಮಾಡಿನಲ್ಲಿ. ಗೆದ್ದಲು ತಿಂದ ಬೇವಿನ ತೊಲೆಗಳು. ಒಂದು ದಿನ ತೊಲೆ ಲಟಕ್ಕೆಂದು ಬಾಗಿ ಒಂದು ತೊಟ್ಟಿಲು ನೆಲಕ್ಕೆ ಬಂತು. ನೆಲ ಗೇಣುದ್ದ ದೂರವಿತ್ತು, ಕೂಸಿಗೆ ಏನೂ ಆಗಲಿಲ್ಲ. ಆದರೆ ಸುದ್ದಿ ಕಾಲುವೆಯುದ್ದಕ್ಕೂ ಹರಿಯಿತು. ಮಾರನೆಯ ದಿನ ಮೂವರು ತಾಯಂದಿರು ಬರಲಿಲ್ಲ. ಅವರು ಕೂಸುಗಳನ್ನು ಹೊಲಕ್ಕೇ ಒಯ್ದು ಕಾಲುವೆ ಏರಿಯ ಮೇಲೆ ಜಾಲಿಯ ನೆರಳಿಗೆ ಮಲಗಿಸಿದ್ದರಂತೆ. ಒಂದು ಕೂಸು ಅಂಬೆಗಾಲಿಕ್ಕುತ್ತ ನೀರಿನ ಅಂಚಿಗೆ ಹೋಗಿತ್ತು, ಯಾರೋ ಪುಣ್ಯಾತ್ಮ ಕಂಡು ಎತ್ತಿಕೊಂಡ. ಆ ಮಾತು ಕೇಳಿದ ದಿನ ಆಯಿ ಊಟ ಮಾಡಲಿಲ್ಲ ಎಂದು ಅವ್ವ ಹೇಳಿದ್ದು ನನಗೆ ಈಗಲೂ ನೆನಪಿದೆ.

ಥೇಟರ್ ಕೆಡವುತ್ತಾರೆ ಎಂಬ ಸುದ್ದಿ ಬಂದದ್ದು ಅದೇ ಹಂಗಾಮಿನಲ್ಲಿ. ಕೆಳಗೆ ಅಂಗಡಿ, ಮೇಲೆ ಲಾಡ್ಜು ಕಟ್ಟುವವರಿದ್ದರು. ನನಗಾಗ ಇಪ್ಪತ್ತೈದರ ಆಚೀಚೆ ವಯಸ್ಸು, ನೀರಾವರಿ ಇಲಾಖೆಯಲ್ಲಿ ಗುಮಾಸ್ತಿಕೆ ಸಿಕ್ಕು ಎರಡು ವರ್ಷ. ಜೇಬಿನಲ್ಲಿ ಸದಾ ಒಂದು ಅಳತೆ ಟೇಪು ಇಟ್ಟುಕೊಂಡು ಓಡಾಡುತ್ತಿದ್ದೆ. ಅದನ್ನು ಕಂಡು ಜನ ಇಂಜಿನಿಯರ್ ಸಾಹೇಬ್ರು ಎಂದರೆ ನಾನು ತಿದ್ದುತ್ತಿರಲಿಲ್ಲ. ಕಲ್ಲು, ತಗಡು, ಕಟ್ಟಿಗೆ ಎಲ್ಲವನ್ನೂ ಹೊಸಪೇಟೆ ಕಡೆಯ ಒಬ್ಬ ಕಟ್ಟಿಗೆ ಅಡ್ಡೆಯವರು ಗುತ್ತಿಗೆ ಹಿಡಿದಿದ್ದರು. ಆಯಿ ಸಾಹುಕಾರರ ಮನೆಗೆ ತಾನೇ ಹೋಗಿ ತೊಟ್ಟಿಲು ಕಟ್ಟುತ್ತಿದ್ದ ತೊಲೆಯನ್ನು ಕೇಳಿದಳು. ಅವರ ಮನೆಯ ಮಕ್ಕಳೆಲ್ಲ ಆ ತೊಲೆಯ ಕೆಳಗೇ ಮಲಗಿದವರು. ಹಿರಿಯ ಸಾಹುಕಾರರು ಇಲ್ಲ ಎನ್ನಲಿಲ್ಲ. ಒಂದು ತೊಲೆ ಒಯ್ಯಲಿ, ಆದರೆ ಲಾರಿ ಬರುವುದರೊಳಗೆ ಒಯ್ಯಲಿ ಎಂದರು.

ಲಾರಿ ಬರುವ ದಿನ ಆಯಿಯ ಮನೆಯಲ್ಲಿ ಏಳು ಕೂಸು. ನೆಲದ ಮೇಲೆ ಕೌದಿ ಹಾಸಿ ಮಲಗಿಸಿದ್ದಳು. ಬಿಟ್ಟು ಏಳುವ ಹಾಗಿರಲಿಲ್ಲ.

"ನೀ ಹೋಗಿ ತರ್ತಿಯೇನೋ ತಮ್ಮಾ? ಹೆಂಗಸರ ಕಡೀದು. ಹಗ್ಗದ ಗೀರು ಬಿದ್ದಾವ ನೋಡು, ಬೆರಳಿಟ್ರ ಬೆರಳು ಕೂಡ್ತಾವ," ಎಂದಳು.

"ಒಂದ ತೊಲಿಗೆ ಯಾಕಿಷ್ಟು ಚಿಂತಿ ಮಾಡ್ತಿ ಆಯಿ? ನಾ ಅದೀನಲ್ಲ," ಎಂದೆ.

ಅವ್ವ ಅಲ್ಲೇ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. "ನಾನೂ ಬರ್ಲೇನೋ? ನನಗ ಗುರ್ತು ಐತಿ," ಎಂದಳು. ಕಟ್ಟಿಗೆ ತರಲಿಕ್ಕೆ ಅವ್ವನನ್ನು ಕರೆದುಕೊಂಡು ಹೋಗುವುದೇ? ನಾನು ನಕ್ಕು, ಜೇಬಿನ ಟೇಪು ತೋರಿಸಿ ಹೊರಟೆ. ಅವ್ವನ ಆ ಒಂದು ಮಾತು ಕೇಳಿದ್ದರೆ ಇವತ್ತು ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಹೋಗುವಷ್ಟರಲ್ಲಿ ತೊಲೆಗಳನ್ನೆಲ್ಲ ಇಳಿಸಿ ಬಯಲಲ್ಲಿ ಒಟ್ಟಿದ್ದರು. ಯಾವುದು ಗಂಡಸರ ಕಡೆಯದು, ಯಾವುದು ಹೆಂಗಸರ ಕಡೆಯದು ಎಂದು ಹೇಳಲು ಗೋಡೆಯೇ ಉಳಿದಿರಲಿಲ್ಲ. ಥೇಟರ್ ಇದ್ದಲ್ಲಿ ಬರೀ ಬಿಸಿಲು. ರಂಗದ ಕಟ್ಟೆ ಒಂದು ಮಾತ್ರ ಹಾಗೇ ಇತ್ತು, ಅದರ ಮೇಲೆ ಕೆಲಸದವರು ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದರು. ನಾನು ಒಟ್ಟಿದ ತೊಲೆಗಳ ಸುತ್ತ ಒಂದು ಸುತ್ತು ಹಾಕುವುದರೊಳಗೇ ಸಿಕ್ಕಿಬಿಟ್ಟಿತು. ಎಂಥ ಗೀರುಗಳು! ಬೆರಳಿಟ್ಟರೆ ಬೆರಳು ಪೂರ್ತಿ ಮುಳುಗಿತು. ಮತ್ತೊಂದನ್ನು ನೋಡುವ ಗೋಜಿಗೇ ಹೋಗಲಿಲ್ಲ. ಟೇಪು ಹಿಡಿದು ಅಳೆದೆ, ಹನ್ನೊಂದು ಅಡಿಗೆ ಕೊಯ್ಯಿಸಿದೆ, ಬಂಡಿಗೆ ಹೇರಿಸಿದೆ. ಅಡ್ಡೆಯ ಆಳುಗಳು ನನಗೆ ಕೈಹಚ್ಚಿದ್ದಕ್ಕೆ ನಾನೂ ಅವರ ಲಾರಿಗೆ ನಾಲ್ಕೈದು ತೊಲೆ ಎತ್ತಿಕೊಟ್ಟೆ. ಅದರಲ್ಲಿ ಒಂದು ತೊಲೆ ಕೈಗೆ ಜಿಡ್ಡು ಜಿಡ್ಡಾಗಿ ಹತ್ತಿತು. ಮೈತುಂಬ ಹಳದಿ ಚುಕ್ಕೆಗಳು. ಯಾವುದೋ ಪೂಜೆಯದಿರಬೇಕು ಎಂದುಕೊಂಡು ಹೆಗಲು ಕೊಟ್ಟು ಲಾರಿಗೆ ದೂಡಿದೆ. ಏನೋ ವಾಸನೆ ಬಂತು... ಗೊತ್ತಿದ್ದ ವಾಸನೆ. ಲಾರಿಯವನು ಹಾರ್ನು ಹೊಡೆದ.

ಬಂಡಿ ಆಯಿಯ ಬಾಗಿಲಿಗೆ ಬಂದಾಗ ನಾಟಿಗೆ ಹೋದವರು ಇನ್ನೂ ಬಂದಿರಲಿಲ್ಲ. ಆಯಿ ಒಂದು ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಹೊರಗೆ ಬಂದಳು. ತೊಲೆಯ ಮೇಲೆ ಕೈಯಾಡಿಸಿದಳು. ಗೀರಿನಲ್ಲಿ ಬೆರಳಿಟ್ಟಳು, ತೆಗೆದಳು.

"ಉಳಿದ ತೊಲಿ ಇನ್ನೂ ಅಲ್ಲೇ ಅದಾವೇನೋ?"

"ಎಲ್ಲಿಯವ ಆಯಿ, ಲಾರಿ ತುಂಬಿ ಹೋತು. ನಾನ ಮುಂದ ನಿಂತು ಎತ್ತಿಕೊಟ್ಟೆ. ನಾ ತಡಾ ಮಾಡಿದ್ರ ಇದೂ ಹೋಗ್ತಿತ್ತು ನೋಡು," ಎಂದೆ ಹೆಮ್ಮೆಯಿಂದ.

ಆಯಿ ನನ್ನ ಅಂಗಿಯ ಹೆಗಲು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಛಲೋ ಆತು ಬಿಡು. ಬಿಸಿಲಾಗ ಭಾಳ ದಣಿದೀ, ಚಾ ಮಾಡ್ತೀನಿ ಕುಂಡ್ರು," ಎಂದಳು.

ವಾರದೊಳಗೆ ಬಡಿಗೇರನನ್ನು ಕರೆದು ತೊಲೆ ಏರಿಸಿದ್ದಾಯಿತು. ಆಯಿ ಅರಿಷಿಣದ ಬೊಟ್ಟಿಟ್ಟು ಕಾಯಿ ಒಡೆದಳು. ಆದರೆ ಕೂಸು ಮಲಗಿಸಲಿಲ್ಲ. ಪ್ರತಿ ತೊಟ್ಟಿಲಲ್ಲೂ ಒಂದೊಂದು ಸಣ್ಣ ಅಕ್ಕಿ ಚೀಲ ಮಲಗಿಸಿ ಮೂರು ದಿನ ತೂಗಿದಳು. ಕೂತರೂ ಎದ್ದರೂ ಹಗ್ಗಕ್ಕೊಂದು ಕೈ. ನನಗೆ ನಗು ತಡೆಯಲಿಲ್ಲ.

"ಆಯಿ, ಮೂವತ್ತು ವರ್ಷ ಕೂಸು ಹೊತ್ತ ತೊಲಿಗೆ ಏನ್ ಪರೀಕ್ಷಾ ಇದು?"

"ಜಾಗಾ ಬದಲಾತಲ್ಲಪಾ," ಎಂದು ಪಿಸುಗುಟ್ಟಿದಳು. "ತೊಲಿಗೂ ರೂಢಿ ಆಗ್ಬೇಕು."

ನಾಲ್ಕನೆಯ ದಿನ ಕೂಸುಗಳು ತೊಟ್ಟಿಲೇರಿದವು. ಥೇಟರಿನ ತೊಲೆ ಬಂದಿದೆ ಎಂಬ ಸುದ್ದಿಯೂ ಕಾಲುವೆಯುದ್ದಕ್ಕೆ ಹರಿದು, ಬಿಟ್ಟುಹೋದ ತಾಯಂದಿರು ತಿರುಗಿ ಬಂದರು. ಕಾಲುವೆ ಏರಿಯ ಮೇಲೆ ಕೂಸು ಮಲಗಿಸುವುದು ನಿಂತಿತು. ಅದಕ್ಕೆಲ್ಲ ನಾನೇ ಕಾರಣನೆಂದು ನಾನು ಹೇಳಿಕೊಳ್ಳದ ಜಾಗವಿಲ್ಲ. ಮುನಿರಾಬಾದಿನ ದೊಡ್ಡ ಕಚೇರಿಗೆ ಹೋದಾಗಲೂ ಚಹಾದ ಹೊತ್ತಿಗೆ ಈ ಕಥೆ ತೆಗೆಯುತ್ತಿದ್ದೆ. ಊರೇ ಕೈಬಿಟ್ಟ ಥೇಟರಿನ ಜೀವವನ್ನು ಬಂಡಿಯಲ್ಲಿ ಹೇರಿಕೊಂಡು ಬಂದವನು ನಾನು ಎನ್ನುವ ಧಾಟಿ. ಓಣಿಯ ಹೆಂಗಸರ ಮುಂದೆ ಹೇಳಿದರೆ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಅದು ಮೆಚ್ಚುಗೆ ಎಂದೇ ತಿಳಿದಿದ್ದೆ.

ಎಂಬತ್ತರ ದಶಕ ಮುಗಿಯುವ ಮೊದಲೇ ಆಯಿ ಹೋದಳು. ಎರಡು ದಿನದ ಜ್ವರ, ಅಷ್ಟೇ. ಮಲಗಿದಲ್ಲಿಂದಲೂ ಕಾಲಿಗೆ ಒಂದು ತೊಟ್ಟಿಲ ಹಗ್ಗ ಕಟ್ಟಿಸಿಕೊಂಡು ತೂಗುತ್ತಿದ್ದಳು. ಮಣ್ಣು ಮಾಡಿ ಬಂದ ಮೂರನೆಯ ದಿನ ಕುಷ್ಟಗಿಯ ಕಡೆಯಿಂದ ಬಂದ ಅವಳ ತಂಗಿಯ ಮಗ, ಮನೆ ಮಾರುತ್ತೇನೆ, ನೆನಪಿಗೆ ಏನಾದರೂ ಬೇಕಾದರೆ ಇಟ್ಟುಕೊಳ್ಳಿರಿ ಎಂದ.

"ನನಗ ಆ ತೊಲಿ ಕೊಡ್ರಿ ಸಾಕು. ಥೇಟರಿನ ತೊಟ್ಲಾ ತೊಲಿ ಅದು, ನಾನ ತಂದದ್ದು..." ಎಂದು ಶುರು ಮಾಡಿದೆ.

"ಸಾಕು ಬಿಡೋ ಇನ್ನ," ಎಂದಳು ಅವ್ವ. ಅವಳ ಕಣ್ಣುಗಳು ಅತ್ತು ಕೆಂಪಾಗಿದ್ದವು. "ಅದು ತೊಟ್ಲಾ ಕಟ್ಟೂ ತೊಲಿ ಅಲ್ಲ. ನೀ ತಂದದ್ದು ರಂಗದ ಮ್ಯಾಲಿನ ತೊಲಿ. ಅವು ಪರದಿ ಎಳಿಯೂ ಹಗ್ಗದ ಗೀರು. ಹೆಂಗಸರ ಕಡೀದಕ್ಕ ಅರಿಷಿಣದ ಬೊಟ್ಟಿದ್ದವು. ಕೂಸಿಗೆ ಎರೆದ ಕೈಲೇ ಮುಟ್ಟಿ ಮುಟ್ಟಿ ಎಣ್ಣಿ ಕುಡದಿತ್ತದು. ಆವತ್ತು ನಿನ್ನ ಅಂಗಿ ಒಗಿಯೂವಾಗ ಹೆಗಲ ಮ್ಯಾಲ ಔಡಲೆಣ್ಣಿ ವಾಸನಿ ಬಂತು. ಆವಾಗ ನನಗ ಗೊತ್ತಾತು, ನೀ ಯಾವುದನ್ನ ಹೊತ್ತು ಲಾರಿಗೆ ಹಾಕಿದಿ ಅಂತ."

ನಾನು ಗೋಡೆಗೆ ಒರಗಿ ಕೂತೆ. ಆಯಿಗೂ ಗೊತ್ತಿತ್ತೇ ಎಂದು ಕೇಳಿದೆ.

"ಕೈ ಇಟ್ಟ ಕೂಡ್ಲೇ ಗೊತ್ತಾಗೇತಿ ಆಕಿಗೆ. ಓಣಿ ಹೆಂಗಸರಿಗೆಲ್ಲಾ ಗೊತ್ತು. ಯಾರೂ ಬಾಯಿ ಬಿಡಬ್ಯಾಡ್ರಿ ಅಂದ್ಲು. ಹುಡುಗ ಹುರುಪಲೇ ತಂದಾನ, ಲಾರಿ ಅಂತೂ ಹೋಗೇತಿ, ಅಂದ್ಲು. ತಾಯಂದ್ರು ಮತ್ತ ಹೆದರಿ ಕಾಲುವೆ ಕಡೆ ಹೊಂಟಾರು ಅಂತ ಅದೊಂದು ಚಿಂತಿ. ಅದಕ್ಕ ಮೂರು ದಿನ ಅಕ್ಕಿ ತೂಗಿ, ನಂಬಿಕಿ ಬಂದ ಮ್ಯಾಲ ಕೂಸು ಮಲಗಿಸಿದ್ಲು." ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ನೀನೂ ಅದರ ಕೆಳಗ ಮಲಗಿದಾವ. ನಿನಗೂ ಒಂದು ಬೊಟ್ಟಿತ್ತು ಅದರ ಮ್ಯಾಲ. ನಾ ಬೈದ್ರ ಆಯಿ ಏನಂದ್ಲು ಗೊತ್ತೇನು? ಕಣ್ಣು ಮುಚ್ಚಿಕೊಂಡು ಮಲಗಿದ್ನಲ್ಲವಾ, ಹೆಂಗ ಗುರ್ತು ಹಿಡೀಬೇಕು, ಅಂದ್ಲು."

ಆವತ್ತು ನಾನು ಅತ್ತೆ. ನಾಚಿಕೆಯಿಂದ ಅತ್ತೆನೋ, ಆಯಿ ಹೋದದ್ದಕ್ಕೆ ಅತ್ತೆನೋ, ಬೇರೆ ಮಾಡಿ ಹೇಳಲಾರೆ. ಅಷ್ಟು ವರ್ಷ ನನ್ನ ಬಡಾಯಿಯನ್ನು ಅವಳ ಮನೆಯ ಕಟ್ಟೆಯ ಮೇಲೆ ಕೂತೇ ಹೊಡೆದಿದ್ದೆ. ಅವಳು ಒಂದು ದಿನವೂ ಮುಖ ಮುರಿಯುವಂಥ ಮಾತಾಡಲಿಲ್ಲ. ಜಂಬದ ಕೂಸೊಂದನ್ನು ತೂಗಿ ಮಲಗಿಸಿದ ಹಾಗೆ ನನ್ನನ್ನೂ ತೂಗಿದ್ದಳು.

ಆಮೇಲೆ ಹೊಸಪೇಟೆಯ ಕಡೆ ಹೋದಾಗಲೆಲ್ಲ ಕಟ್ಟಿಗೆ ಅಡ್ಡೆಗಳಲ್ಲಿ ವಿಚಾರಿಸಿದೆ. ಹಳದಿ ಬೊಟ್ಟಿನ ತೊಲೆ ಎಂದರೆ ಜನ ನನ್ನ ಮುಖವನ್ನೇ ನೋಡಿದರು. ಬಾಗಿಲಾಯಿತೋ, ಕಿಟಕಿಯಾಯಿತೋ, ಯಾವ ಊರಿನ ಯಾವ ಮನೆಯಲ್ಲಿದೆಯೋ... ಸಿಗಲಿಲ್ಲ. ಥೇಟರ್ ಇದ್ದ ಜಾಗದಲ್ಲಿ ಕಟ್ಟಿದ ಲಾಡ್ಜೂ ಈಗ ಹಳತಾಗಿದೆ. ಅವ್ವ ಇಲ್ಲ. ಹೆಂಗಸರ ಕಡೆಯನ್ನು ಕಣ್ಣಾರೆ ಕಂಡವರು ಓಣಿಯಲ್ಲಿ ಒಬ್ಬಿಬ್ಬರು ಉಳಿದಿದ್ದಾರೆ. ನನಗೆ ಉಳಿದದ್ದು ತಪ್ಪಾಗಿ ತಂದು, ಆಯಿ ಹೋದ ಮೇಲೆ ಅವಳ ಮನೆಯಿಂದ ಇಳಿಸಿಟ್ಟುಕೊಂಡ ತೊಲೆ ಒಂದೇ. ಅದೂ ಕಡಿಮೆಯದಲ್ಲ, ಆಯಿಯ ಮನೆಯಲ್ಲಿ ಅದೂ ಒಂದು ಕೂಸನ್ನೂ ಕೆಳಗೆ ಬೀಳಿಸಲಿಲ್ಲ.

ಮಗ ಮತ್ತು ಗೌಂಡಿ ಸೇರಿ ಮಾಳಿಗೆಯಿಂದ ತೊಲೆ ಇಳಿಸಿದರು. ಹಿಂದಿನ ಪಡಸಾಲೆಯ ಎರಡು ಗೋಡೆಗೆ ಅಡ್ಡಲಾಗಿ ಕೂರಿಸಿದರು. ಸೊಸೆ ತನ್ನ ಮೆತ್ತನೆಯ ಹಳೆಯ ಸೀರೆ ತಂದುಕೊಟ್ಟಳು. ನಾನು ತೊಟ್ಟಿಲು ಕಟ್ಟಿ, ಮೊಮ್ಮಗಳ ತೂಕದಷ್ಟು ಅಕ್ಕಿಯನ್ನು ಒಂದು ಚೀಲದಲ್ಲಿ ತುಂಬಿ ಮಲಗಿಸಿದೆ. ಕುರ್ಚಿ ಎಳೆದುಕೊಂಡು ತೂಗುತ್ತ ಕೂತೆ.

"ಏನ್ರಿ ಮಾವಾರ ಇದು? ಅಕ್ಕಿ ಚೀಲಕ್ಕ ಜೋಗುಳ ಹಾಡೂದೊಂದು ಉಳೀತು ನೋಡ್ರಿ," ಎಂದು ಸೊಸೆ ಗಟ್ಟಿಯಾಗಿ ನಕ್ಕಳು.

"ಮೂರು ದಿನ ಇರ್ಲಿ ಬಿಡವಾ," ಎಂದೆ. "ತೊಲಿಗೂ ರೂಢಿ ಆಗ್ಬೇಕು."

ಅವಳು ಬಗ್ಗಿ ಕಿವಿ ಹತ್ತಿರ ತಂದು, "ಏನಂದ್ರಿ? ಕೇಳಿಸಲಿಲ್ಲ," ಎಂದಳು. ಆಗ ಗೊತ್ತಾಯಿತು, ನಾನು ಪಿಸುಗುಟ್ಟಿದ್ದೆ.